ಕಾಯಿಲು ಕಟ್ಟುವವರ ವಿದ್ಯೆ

ಬೆಂಗಳೂರಿನ ಜಯಚಾಮರಾಜೇಂದ್ರ ರಸ್ತೆಯಲ್ಲಿ ಕಾರಿನ ಸಾಮಗ್ರಿಗಳನ್ನೂ ಧ್ವನಿಯಂತ್ರಗಳನ್ನೂ ಮಾರುವ ಅಂಗಡಿಗಳು ಸಾಲಾಗಿ ನಿಂತಿರುವುದನ್ನೂ, ಅಲ್ಲಿಗೆ ಅನತಿದೂರದ ಎಸ್. ಪಿ. ರಸ್ತೆಯ ಇಕ್ಕಟ್ಟಿನಲ್ಲಿ ವಿದ್ಯುನ್ಮಾನ ಬಿಡಿಭಾಗಗಳ ವ್ಯಾಪಾರವು ನಡೆಯುತ್ತಿರುವುದನ್ನೂ ಬಲ್ಲವರು ಅನೇಕರು. ಆದರೆ ಹೀಗೆ ಕೊಂಡು ಕಾರಿನ ಡಿಕ್ಕಿಯಲ್ಲಿ ಕೂರಿಸಿಕೊಂಡ, ಮಂದ್ರಸ್ವರಗಳನ್ನು ನುಡಿಸುವ ಸಬ್‌ವೂಫರು ಕಾದು ಕೆಟ್ಟಾಗ ಅದನ್ನು ಬಿಚ್ಚಿ, ದೋಷದ ಮೂಲವನ್ನು ಶೋಧಿಸಿ, ಹೊಸ ಕಾಯಿಲನ್ನೂ ಕೋನನ್ನೂ ಕೂರಿಸಿ ಮರಳಿ ನುಡಿಸುವ ಕುಶಲಿಗಳ ವಿಷಯವನ್ನು ತಿಳಿದವರು ವಿರಳ. ಮದುವೆಗೂ ಜಾತ್ರೆಗೂ ಮೈಕ್‌ಸೆಟ್ಟು ಬಾಡಿಗೆಗೆ ಕೊಡುವವರಿರುವ ಊರುಗಳಲ್ಲೆಲ್ಲ ಇಂಥವರಿಗೆ ಕೆಲಸವುಂಟು. ಕಾಯಿಲು ಕಟ್ಟುವುದನ್ನು ಕೈಚಳಕವುಳ್ಳವನು ಅಭ್ಯಾಸಬಲದಿಂದ ಕಲಿತಾನು. ಅದು ಏತಕ್ಕೆ ಸುಟ್ಟಿತೆಂಬುದನ್ನು ನಿರ್ಣಯಿಸಬಲ್ಲವನೇ ಈ ವಿದ್ಯೆಯನ್ನು ಪೂರ್ಣವಾಗಿ ಬಲ್ಲವನೆಂದು ನಾನು ಎಣಿಸುತ್ತೇನೆ.

ಜನರಲ್ ಎಲೆಕ್ಟ್ರಿಕ್ ಸಂಸ್ಥೆಯ ಚೆಸ್ಟರ್ ರೈಸ್ ಮತ್ತು ಎಡ್ವರ್ಡ್ ಕೆಲ್ಲಾಗ್ ಎಂಬಿಬ್ಬರು 1925ರಲ್ಲಿ ಲೋಕದ ಮುಂದಿಟ್ಟ ಧ್ವನಿವರ್ಧಕದ ತತ್ತ್ವವೇ ಇಂದಿನ ಸಬ್‌ವೂಫರಿನಲ್ಲಿಯೂ ನಡೆದುಬಂದಿದೆ. ಮ್ಯಾಗ್ನೆಟ್ಟಿನ ನಡುವಣ ಕಿರಿದಾದ ವರ್ತುಲಾಕಾರದ ಸಂದಿನಲ್ಲಿ ಕಾಯಿಲು ಎಂಬ ತಾಮ್ರದ ತಂತಿಯ ಸುರುಳಿಯೊಂದು ತೂಗಾಡುತ್ತದೆ; ಅದರೊಳಗೆ ಪ್ರವಾಹವು ಹರಿದಂತೆಲ್ಲ ಸುರುಳಿಯು ಹಿಂದುಮುಂದಾಗಿ ಚಲಿಸಿ, ತನಗಂಟಿದ ಕೋನನ್ನು ನೂಕಿ, ಗಾಳಿಯನ್ನು ಕಂಪಿಸುವಂತೆ ಮಾಡುತ್ತದೆ. ಆದರೆ ಆಂಪ್ಲಿಫೈಯರು ಕಳುಹಿಸಿದ ಶಕ್ತಿಯಲ್ಲಿ ಶಬ್ದವಾಗಿ ಹೊರಡುವುದು ಸಾಮಾನ್ಯವಾಗಿ ನೂರರಲ್ಲಿ ಒಂದು ಪಾಲಿನಷ್ಟು ಮಾತ್ರ. ಮಿಕ್ಕುದೆಲ್ಲವೂ ಶಾಖವಾಗಿ ಪರಿಣಮಿಸಿ ಆ ಸುರುಳಿಯಲ್ಲಿಯೇ ಸಂಚಯವಾಗುತ್ತದೆ. ಆದ್ದರಿಂದ ಸಬ್‌ವೂಫರು ಬೆಚ್ಚಗಾಗುವುದು ರೋಗವಲ್ಲ, ಅದರ ಸ್ವಭಾವ. ಹುಟ್ಟಿದ ಶಾಖವು ಹೊರಹೋಗುವುದಕ್ಕಿಂತ ಶೀಘ್ರವಾಗಿ ಬಂದು ಸೇರುತ್ತಿರುವುದೇ ರೋಗ.

ಈ ರೋಗವು ಮೊದಲು ತೋರುವುದು ಹೊಗೆಯಲ್ಲಲ್ಲ, ಧ್ವನಿಯ ಕುಗ್ಗುವಿಕೆಯಲ್ಲಿ. “ಅಣ್ಣಾ, ಅರ್ಧ ಗಂಟೆ ಚೆನ್ನಾಗಿ ಹೊಡೆಯುತ್ತೆ, ಆಮೇಲೆ ಬಾಸ್ ಇಳಿದುಹೋಗುತ್ತೆ” ಎಂದು ದೂರು ತರುವ ಹುಡುಗನು ತನಗರಿವಿಲ್ಲದೆಯೇ ಭೌತಶಾಸ್ತ್ರದ ಸತ್ಯವೊಂದನ್ನು ಹೇಳುತ್ತಿರುತ್ತಾನೆ. ತಾಮ್ರದ ಉಷ್ಣತೆಯು ಒಂದೊಂದು ಡಿಗ್ರಿ ಸೆಲ್ಸಿಯಸ್ ಏರಿದಂತೆ ಅದರ ವಿದ್ಯುತ್ ರೋಧವು ಶೇಕಡಾ 0.39ರಷ್ಟು ಹೆಚ್ಚುತ್ತದೆ. ತಣ್ಣಗಿರುವಾಗ 3.4 ಓಮ್ ತೋರಿಸುವ ಕಾಯಿಲು 200 ಡಿಗ್ರಿಗೆ ಕಾದಾಗ ಸುಮಾರು 5.8 ಓಮ್ ಆಗಿ, ಅದೇ ವೋಲ್ಟೇಜಿನಲ್ಲಿ ಮುನ್ನ ಪಡೆಯುತ್ತಿದ್ದ ಶಕ್ತಿಯ ಐದರಲ್ಲಿ ಮೂರು ಪಾಲನ್ನು ಮಾತ್ರ ಪಡೆಯಬಲ್ಲುದು. ಧ್ವನಿಯು ಇಳಿಯಿತೆಂದು ಕೇಳುಗನು ವಾಲ್ಯೂಮ್ ಏರಿಸುತ್ತಾನೆ. ಕಾಯಿಲು ಇನ್ನಷ್ಟು ಕಾಯುತ್ತದೆ. ಅನುಭವಿಯಾದ ಮೆಕ್ಯಾನಿಕ್ಕು ಇದೇ ಗುಣವನ್ನು ತನ್ನ ಉಪಕರಣವಾಗಿ ಮಾಡಿಕೊಳ್ಳುತ್ತಾನೆ: ತಣ್ಣಗಿರುವಾಗ ಒಮ್ಮೆ ಮಲ್ಟಿಮೀಟರಿನಿಂದ ಅಳೆದು, ಕೆಲವು ಕಾಲ ನುಡಿಸಿ, ನಿಲ್ಲಿಸಿದೊಡನೆ ವೈರು ಕಳಚಿ ಮತ್ತೊಮ್ಮೆ ಅಳೆದು, 3.4 ಇದ್ದುದು 4.7 ಆಗಿದ್ದರೆ ಕಾಯಿಲು ಸುಮಾರು ನೂರು ಡಿಗ್ರಿ ಮೇಲೇರಿದೆಯೆಂದು ಗ್ರಹಿಸುತ್ತಾನೆ. ತಡಮಾಡಿದರೆ ಲೆಕ್ಕ ಕೆಡುತ್ತದೆ. ಹಗುರವಾದ ಆ ಸುರುಳಿಯು ಕ್ಷಣಗಳಲ್ಲಿಯೇ ಆರತೊಡಗುತ್ತದೆ.

ಕಾಯಿಲು ಹೀಗೆ ಮಿತಿಮೀರಿ ಕಾಯುವುದರ ಕಾರಣಗಳಲ್ಲಿ ಪ್ರಧಾನವಾದುದು ಆಂಪ್ಲಿಫೈಯರಿನ ಗೇನ್ ಎಂಬ ತಿರುಪು. ಅದನ್ನು ವಾಲ್ಯೂಮಿನ ತಿರುಪೆಂದೇ ಭಾವಿಸಿ ಕೊನೆಯವರೆಗೆ ತಿರುಗಿಸಿದಾಗ, ಆಂಪ್ಲಿಫೈಯರು ತನ್ನ ಮಿತಿಯನ್ನು ಮೀರಿದ ಸಂಕೇತವನ್ನು ಕೊಡಲಾರದೆ, ಅಲೆಗಳ ನೆತ್ತಿಯನ್ನು ಕತ್ತರಿಸಿ ಚಪ್ಪಟೆಯಾಗಿಸಿ ಕಳುಹಿಸುತ್ತದೆ. ಕಸುಬಿನವರು ಇದನ್ನು ಕ್ಲಿಪ್ಪಿಂಗ್ ಎನ್ನುತ್ತಾರೆ. ಕತ್ತರಿಸಿದ ಅಲೆಯ ಆಕಾರವೇ ಕಾಯಿಲನ್ನು ಕೊಲ್ಲುತ್ತದೆಂಬ ಜನಪ್ರಿಯ ನಂಬಿಕೆಯು ಸರಿಯಲ್ಲ. ಪೂರ್ತಿ ಚೌಕವಾದ ಅಲೆಯು ಅಷ್ಟೇ ಎತ್ತರದ ನುಣುಪಾದ ಅಲೆಗಿಂತ ಇಮ್ಮಡಿ ಶಕ್ತಿಯನ್ನು ಹೊತ್ತಿರುವುದರಿಂದ, 300 ವ್ಯಾಟಿನದೆಂದು ಹೆಸರಾದ ಯಂತ್ರವು 600ರ ಸಮೀಪಕ್ಕೆ ಹೋಗಬಹುದಾಗಿದ್ದು, ಆ ಹೆಚ್ಚಿನ ಸರಾಸರಿ ಶಾಖವೇ ಅನರ್ಥಕ್ಕೆ ಕಾರಣ. ಬಾಸ್ ಬೂಸ್ಟ್ ಎಂಬ ಗುಂಡಿಯು ಇದಕ್ಕೆ ಸಹಾಯಕ. 6 ಡೆಸಿಬೆಲ್ ಏರಿಸಿದರೆ ಆ ಸ್ವರಗಳಲ್ಲಿ ನಾಲ್ಕು ಪಟ್ಟು ಶಕ್ತಿಯನ್ನು ಬೇಡಿದಂತೆ. ಇದಕ್ಕೆ ಪರಿಹಾರವು ಸರಳವಾದುದು. ಸಬ್‌ವೂಫರಿನ ವೈರನ್ನು ಕಳಚಿ, ಬೂಸ್ಟನ್ನು ಶೂನ್ಯಕ್ಕಿಳಿಸಿ, 50 ಹರ್ಟ್ಸಿನ ಏಕಸ್ವರವನ್ನು ನುಡಿಸುತ್ತ, ಮಲ್ಟಿಮೀಟರನ್ನು ಎಸಿ ವೋಲ್ಟಿಗಿಟ್ಟು ಗೇನನ್ನು ಮೆಲ್ಲನೆ ಏರಿಸಬೇಕು. ವ್ಯಾಟನ್ನು ಓಮಿನಿಂದ ಗುಣಿಸಿ ವರ್ಗಮೂಲ ತೆಗೆದರೆ ನಿಲ್ಲಿಸತಕ್ಕ ಸ್ಥಾನವು ದೊರೆಯುತ್ತದೆ: 4 ಓಮಿಗೆ 300 ವ್ಯಾಟಾದರೆ 34.6 ವೋಲ್ಟ್.

ವೈರಿನ ದೋಷವು ಇದಕ್ಕಿಂತ ಗುಪ್ತವಾದುದು. ಎಂಜಿನು ನಡೆಯುವಾಗ 14 ವೋಲ್ಟಿನ ಆಸುಪಾಸಿನಲ್ಲಿರಬೇಕಾದ ವಿದ್ಯುತ್ತು, ತೆಳುವಾದ ಪವರ್ ವೈರಿನಿಂದಲೋ ಬಣ್ಣವನ್ನು ಕೆರೆಯದೆ ಬಿಗಿದ ಅರ್ತ್ ಬೋಲ್ಟಿನಿಂದಲೋ ಆಂಪ್ಲಿಫೈಯರನ್ನು ತಲಪುವಷ್ಟರಲ್ಲಿ ಕುಸಿದರೆ, ಅದರ ಮಿತಿಯೂ ಕುಸಿದು, ನಿನ್ನೆ ಸರಿಯಿದ್ದ ಗೇನೇ ಇಂದು ಅಲೆಯನ್ನು ಕತ್ತರಿಸತೊಡಗುತ್ತದೆ. ತಾಮ್ರವೆಂದು ಮಾರುವ ವೈರಿನಲ್ಲಿ ಅಲ್ಯೂಮಿನಿಯಮ್ಮಿನ ಮೇಲೆ ತಾಮ್ರದ ಲೇಪ ಮಾತ್ರವಿರುವುದೂ ಉಂಟು. ಅಲ್ಯೂಮಿನಿಯಮ್ಮಿನ ವಾಹಕತೆಯು ತಾಮ್ರದ ಶೇಕಡಾ 61ರಷ್ಟೇ ಎಂಬುದನ್ನು ಗ್ರಾಹಕನು ನೆನಪಿನಲ್ಲಿಡುವುದು ಲೇಸು. 4 ಓಮಿನ ಎರಡು ಕಾಯಿಲುಗಳಿರುವ ವೂಫರನ್ನು ಸಮಾಂತರವಾಗಿ ಜೋಡಿಸಿದರೆ 2 ಓಮ್ ಆಗುತ್ತದೆ. ಅದನ್ನು ಹೊರಲಾರದ ಆಂಪ್ಲಿಫೈಯರು ತಾನೇ ಕಾದು ಪ್ರೊಟೆಕ್ಟ್ ದೀಪವನ್ನು ಹೊತ್ತಿಸಿ ನಿಲ್ಲುತ್ತದೆ. ಆಗ ಸಬ್‌ವೂಫರನ್ನು ಬಿಚ್ಚಿಸುವುದು ವ್ಯರ್ಥ.

ಪೆಟ್ಟಿಗೆಯ ಪಾತ್ರವೂ ಅಲ್ಪವಲ್ಲ. ಕೊಳವೆಯುಳ್ಳ ಪೆಟ್ಟಿಗೆಯಲ್ಲಿ ಅದರ ನಿಯತ ಸ್ವರದ ಬಳಿ ಕೋನು ಬಹಳ ಕಡಮೆ ಅಲುಗುವುದರಿಂದ, ಚಲನೆಯಿಂದ ಕಾಯಿಲಿಗೆ ದೊರೆಯಬೇಕಾದ ಗಾಳಿಯೂ ಕಡಮೆಯಾಗುತ್ತದೆ. ಒಂದೇ ಮಂದ್ರಸ್ವರವು ಬಹುಕಾಲ ಎಳೆಯುವ ಹಾಡುಗಳಿಗೆ ಪ್ರಿಯವಾದ ಪೆಟ್ಟಿಗೆಯೇ ಅಂಥ ಹಾಡಿನಲ್ಲಿ ಕಾಯಿಲನ್ನು ಹೆಚ್ಚು ಕಾಯಿಸಬಲ್ಲುದು. ರಾಯಚೂರು, ಕಲಬುರಗಿಗಳ ಬೇಸಗೆಯಲ್ಲಿ ಬಿಸಿಲಿಗೆ ನಿಲ್ಲಿಸಿದ ಕಾರಿನ ಒಳಭಾಗವು ಹೊರಗಿನ ಗಾಳಿಗಿಂತ ಎಷ್ಟೋ ಡಿಗ್ರಿ ಹೆಚ್ಚು ಕಾದಿರುವಾಗ, ಕಾಯಿಲು ತನ್ನ ಯಾತ್ರೆಯನ್ನು ಆ ಬಿಸಿಯಿಂದಲೇ ಆರಂಭಿಸಬೇಕಾಗುತ್ತದೆ.

ಇನ್ನು ಸುಟ್ಟುಹೋದುದರ ಪರೀಕ್ಷೆ. ಬಿಚ್ಚುವ ಮೊದಲು ಎರಡೂ ಕೈಗಳ ಬೆರಳುಗಳಿಂದ ಕೋನನ್ನು ಸಮನಾಗಿ ಒತ್ತಿ ನೋಡುತ್ತಾರೆ. ಕರಕರ ಶಬ್ದ ಬಂದರೆ ಸುರುಳಿಯು ಉಬ್ಬಿದೆ ಅಥವಾ ಓರೆಯಾಗಿದೆ. ಬಳಿಕ ಹೊರತೆಗೆದ ಕಾಯಿಲನ್ನು ಬೆಳಕಿಗೆ ಹಿಡಿಯುವ ಗಳಿಗೆಯಲ್ಲಿ ಈ ವಿದ್ಯೆಯ ಸೊಬಗು ನನಗೆ ಕಾಣುತ್ತದೆ. ಸುತ್ತಲೂ ಒಂದೇ ಸಮ ಕಪ್ಪಾಗಿದ್ದರೆ ಬಹುಕಾಲ ಅಧಿಕ ಶಕ್ತಿಯು ಹರಿದಿದೆ. ನಡುವಿನ ಸುತ್ತುಗಳು ಬಣ್ಣಗೆಡದೆ ಎರಡು ತುದಿಗಳು ಮಾತ್ರ ಕರಿಯಾಗಿದ್ದರೂ ಕಾರಣ ಅದೇ. ಸಂದಿನೊಳಗಣ ಸುತ್ತುಗಳ ಶಾಖವನ್ನು ಕಬ್ಬಿಣವು ಹೀರಿಕೊಂಡಿದೆ, ಹೊರಗುಳಿದವಕ್ಕೆ ಆ ಆಸರೆಯಿರಲಿಲ್ಲ. ಒಂದೇ ತುದಿಯು ಸುಟ್ಟಿದ್ದರೆ, ಆಂಪ್ಲಿಫೈಯರು ಕೆಟ್ಟು ಏಕಮುಖ ಪ್ರವಾಹವನ್ನು ಕಳುಹಿಸಿ ಕಾಯಿಲನ್ನು ಒಂದು ಕಡೆಗೆ ನೂಕಿ ಹಿಡಿದಿತ್ತೆಂಬ ಶಂಕೆಗೆ ಎಡೆಯಾಗುತ್ತದೆ. ಒಂದು ಪಕ್ಕದಲ್ಲಿ ಮಾತ್ರ ತಂತಿಯ ಮೆರುಗು ಕೆರೆದಿದ್ದರೆ ಶಾಖದ ಅಪರಾಧವಿಲ್ಲ, ಜೋಡಣೆಯ ಅಪರಾಧ. ತಳದ ಅಂಚು ಜಜ್ಜಿದ್ದರೆ ಕೋನು ಮಿತಿಮೀರಿ ಹಾರಿ ಹಿಂದಣ ತಟ್ಟೆಗೆ ಬಡಿದಿದೆ.

ಪುನರ್ಜೋಡಣೆಯು ತಾಳ್ಮೆಯ ಕೆಲಸ. ಹಳೆಯ ಅಂಟನ್ನು ತೆಗೆದು, ಸಂದಿನೊಳಗಣ ಮಸಿಯನ್ನೂ ಲೋಹದ ಕಣಗಳನ್ನೂ ಅಂಟುಪಟ್ಟಿಯಿಂದ ಎತ್ತಿ, ಕಾಯಿಲಿನ ಒಳಗೆ ತೆಳುವಾದ ಫಿಲ್ಮಿನ ಪಟ್ಟಿಗಳನ್ನಿಟ್ಟು ಅದನ್ನು ಸರಿಯಾಗಿ ಮಧ್ಯಕ್ಕೆ ನಿಲ್ಲಿಸಿ, ಕಾಯಿಲನ್ನು ನಡುವೆ ಹಿಡಿದಿಡುವ ಸ್ಪೈಡರನ್ನೂ ಕೋನನ್ನೂ ಅಂಟಿಸಿ, ಅಂಟು ಪೂರ್ತಿ ಗಟ್ಟಿಯಾಗುವವರೆಗೆ ಕಾದು, ಪಟ್ಟಿಗಳನ್ನೆಳೆದು ಕೋನಿನ ನಡುವಿಗೆ ಡಸ್ಟ್ ಕ್ಯಾಪ್ ಎಂಬ ಮುಚ್ಚಳವನ್ನು ಮುಚ್ಚುತ್ತಾರೆ. ನಾಳೆಯೇ ಬೇಕೆಂದು ಅವಸರಿಸುವ ಗಿರಾಕಿಯು ತನ್ನ ಹಾನಿಯನ್ನು ತಾನೇ ಬೇಡುತ್ತಾನೆ.

ಎಲ್ಲವನ್ನೂ ದುರಸ್ತಿ ಮಾಡಿಸತಕ್ಕದ್ದೆಂದು ನಾನು ಹೇಳಲಾರೆ. ನಿಯೋಡಿಮಿಯಮ್ ಮ್ಯಾಗ್ನೆಟ್ಟಿನ ಸಾಧಾರಣ ಜಾತಿಗಳು 80 ಡಿಗ್ರಿಯ ಮೇಲೆ ತಮ್ಮ ಬಲವನ್ನು ಶಾಶ್ವತವಾಗಿ ಕಳೆದುಕೊಳ್ಳಬಲ್ಲವಾದುದರಿಂದ, ಅಂಥದರಲ್ಲಿ ಹೊಸ ಕಾಯಿಲನ್ನು ಕೂರಿಸಿದರೂ ಹಳೆಯ ಧ್ವನಿಯು ಬರಲಿಕ್ಕಿಲ್ಲ; ಅಗ್ಗದ ವೂಫರಿಗೆ ಕೂಲಿಯೇ ಬೆಲೆಯನ್ನು ಮೀರುತ್ತದೆ. ದೊಡ್ಡ ಫೆರೈಟ್ ಮ್ಯಾಗ್ನೆಟ್ಟೂ ಗಟ್ಟಿಯಾದ ಚೌಕಟ್ಟೂ ಉಳ್ಳವು ಮಾತ್ರ ಮರುಜನ್ಮಕ್ಕೆ ಯೋಗ್ಯ. ಅಂಥದನ್ನು ಕೊಂಡೊಯ್ಯುವವರು ವೂಫರೊಂದನ್ನೇ ಬಿಚ್ಚಿ ಚೀಲದಲ್ಲಿ ಹಾಕಿಕೊಂಡು ಹೋಗದೆ, ಆಂಪ್ಲಿಫೈಯರೂ ವೈರೂ ಪೆಟ್ಟಿಗೆಯೂ ಇದ್ದಂತೆಯೇ ಕಾರನ್ನೇ ಅಂಗಡಿಯ ಮುಂದೆ ನಿಲ್ಲಿಸಿ, ಸುಟ್ಟ ಕಾಯಿಲನ್ನು ಕೇಳಿ ಪಡೆದು, ಹೊಸದನ್ನು ಕೂರಿಸಿದ ಮೇಲೆ ಗೇನನ್ನೂ ಅರ್ತನ್ನೂ ತಮ್ಮ ಕಣ್ಣೆದುರಿಗೆ ಅಳೆಸಬೇಕು.