ಸೂತ್ರಧಾರನ ಕೈಯಲ್ಲಿ ಎಷ್ಟು ಸೂತ್ರ?

ಚದುರಂಗದಲ್ಲಿ ಆನೆ ನೇರವಾಗಿಯೇ ನಡೆಯಬೇಕು. ಈ ಸಲ ಓರೆಯಾಗಿ ನಡೆಸುತ್ತೇನೆ ಎಂದರೆ ಎದುರಾಳಿ ಒಪ್ಪುವುದಿಲ್ಲ. ನಿಯಮದಲ್ಲಿ ಹೇಳದ ನಡೆ ಅಲ್ಲಿ ಇಲ್ಲವೇ ಇಲ್ಲ. ಆದರೆ ಆಟಗಾರನಿಗೆ ತೋಚಿದ್ದನ್ನೆಲ್ಲ ಮಾಡಲು ಯತ್ನಿಸಬಹುದಾದ ಆಟವೊಂದು ಅಮೆರಿಕದಲ್ಲಿ ಹುಟ್ಟಿ ಹಲವು ದೇಶಗಳಿಗೆ ಹರಡಿದೆ. ಅದರ ಹೆಸರು ರೋಲ್ ಪ್ಲೇಯಿಂಗ್ ಗೇಮ್, ಅಂದರೆ ಪಾತ್ರಾಭಿನಯದ ಆಟ.

ಆಡುವ ಬಗೆ ಸರಳ. ನಾಲ್ಕೈದು ಮಂದಿ ಮೇಜಿನ ಸುತ್ತ ಕುಳಿತು, ಯೋಧ, ಮಂತ್ರವಾದಿ, ಕಳ್ಳ ಹೀಗೆ ಒಬ್ಬೊಬ್ಬರು ಒಂದೊಂದು ಪಾತ್ರ ವಹಿಸುತ್ತಾರೆ. ಅವರಲ್ಲೊಬ್ಬರು ಮಾತ್ರ ಗೇಮ್ ಮಾಸ್ಟರ್. ಅವರನ್ನು ನಾವು ಸೂತ್ರಧಾರ ಎನ್ನೋಣ. “ನಿಮ್ಮೆದುರು ಕೋಟೆಯಿದೆ. ಬಾಗಿಲಲ್ಲಿ ಇಬ್ಬರು ಕಾವಲುಗಾರರು. ಏನು ಮಾಡುತ್ತೀರಿ?” ಎಂದು ಸೂತ್ರಧಾರ ಕೇಳುತ್ತಾನೆ. ಒಬ್ಬ ಹೋರಾಡುತ್ತೇನೆ ಎನ್ನಬಹುದು. ಇನ್ನೊಬ್ಬಳು ಸೌದೆ ಮಾರುವವಳ ವೇಷದಲ್ಲಿ ಒಳಹೋಗುತ್ತೇನೆ ಎನ್ನಬಹುದು. ಫಲಿತಾಂಶ ಅನುಮಾನವಾದಾಗ ದಾಳ ಉರುಳುತ್ತದೆ.

ಇಲ್ಲಿಯೇ ಒಂದು ಪ್ರಶ್ನೆ ಏಳುತ್ತದೆ. ಕಥೆ ಯಾರದು? ಸೂತ್ರಧಾರನದೋ, ಆಟಗಾರರದೋ?

ಯುದ್ಧದ ಆಟದಿಂದ ಬಂದ ಬಳುವಳಿ

ಈ ಪ್ರಶ್ನೆಯ ಬೇರು ಹಳೆಯದು. 1824ರಲ್ಲಿ ಪ್ರಷ್ಯಾ ದೇಶದ ಸೇನಾಧಿಕಾರಿ ರೈಸ್‌ವಿಟ್ಸ್, ಸೈನ್ಯಾಧಿಕಾರಿಗಳ ತರಬೇತಿಗಾಗಿ ನಕ್ಷೆ ಮತ್ತು ದಾಳಗಳ ಯುದ್ಧದಾಟವೊಂದನ್ನು ರೂಪಿಸಿದ. ಅದರಲ್ಲಿ ಒಬ್ಬ ನಿರ್ಣಾಯಕನಿರುತ್ತಿದ್ದ. ನಿಯಮಗಳು ಬೆಳೆಬೆಳೆದು ಆಟ ಭಾರವಾದಾಗ, 1876ರಲ್ಲಿ ವೆರ್ಡಿ ಡು ವೆರ್ನ್ವಾ ಎಂಬ ಅಧಿಕಾರಿ, ನಿಯಮಗಳಿಗಿಂತ ಅನುಭವಿ ನಿರ್ಣಾಯಕನ ವಿವೇಚನೆಯೇ ಮುಖ್ಯವಾಗಲಿ ಎಂದು ವಾದಿಸಿದ. 1880ರಲ್ಲಿ ಅಮೆರಿಕದ ಚಾರ್ಲ್ಸ್ ಟಾಟೆನ್ ಇಂಥದೇ ಯುದ್ಧದಾಟದ ಗ್ರಂಥವೊಂದನ್ನು ಪ್ರಕಟಿಸಿದ.

ಮಿನ್ನೆಸೋಟ ರಾಜ್ಯದ ಡೇವಿಡ್ ವೆಸ್ಲಿ ಆ ಗ್ರಂಥದಿಂದ ಪ್ರೇರಣೆ ಪಡೆದು 1969ರಲ್ಲಿ ಬ್ರೌನ್‌ಸ್ಟೈನ್ ಎಂಬ ಕಲ್ಪಿತ ಜರ್ಮನ್ ಪಟ್ಟಣದ ಆಟವೊಂದನ್ನು ನಡೆಸಿದ. ಆಟಗಾರರಲ್ಲಿ ಕೆಲವರಿಗೆ ಸೈನ್ಯದ ಬದಲು ಊರಿನ ಮೇಯರ್, ಬ್ಯಾಂಕಿನ ಒಡೆಯ ಮುಂತಾದ ವ್ಯಕ್ತಿಗಳ ಪಾತ್ರ ಕೊಟ್ಟ. ಅವರು ಮೂಲೆ ಮೂಲೆಗಳಲ್ಲಿ ಗುಸುಗುಸು ಸಂಚು ಹೂಡತೊಡಗಿದರು. ಇಬ್ಬರಂತೂ ನಾವು ದ್ವಂದ್ವಯುದ್ಧ ಮಾಡುತ್ತೇವೆ ಎಂದು ಬಂದು ನಿಂತರು. ಅದಕ್ಕೆ ನಿಯಮವೇ ಇರಲಿಲ್ಲ. ವೆಸ್ಲಿ ಅಲ್ಲೇ ಒಂದನ್ನು ಹೊಸೆದ. ಆಟ ಕೈತಪ್ಪಿ ಕೆಟ್ಟಿತೆಂದೇ ಅವನ ಎಣಿಕೆ. ಆದರೆ ಆಟಗಾರರಿಗೆ ಅದೇ ಹಿಡಿಸಿತ್ತು. ಮತ್ತೆ ಆಡಿಸು ಎಂದರು. ಆ ಗೆಳೆಯರ ಬಳಗದ ಡೇವ್ ಆರ್ನೆಸನ್, ವಿಸ್ಕಾನ್ಸಿನ್‌ನ ಗ್ಯಾರಿ ಗೈಗ್ಯಾಕ್ಸ್ ಜೊತೆ ಸೇರಿ 1974ರಲ್ಲಿ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಆಟವನ್ನು ಹೊರತಂದ. ಮೂರು ಕಿರುಪುಸ್ತಕಗಳಿದ್ದ ಆ ಪೆಟ್ಟಿಗೆಯ ಮೊದಲ ಮುದ್ರಣ ಕೇವಲ 1000 ಪ್ರತಿ.

ಹಳಿಯ ಮೇಲಿನ ಕಥೆ

1984ರಲ್ಲಿ ಇದೇ ಆಟಕ್ಕಾಗಿ ‘ಡ್ರ್ಯಾಗನ್‌ಲ್ಯಾನ್ಸ್’ ಎಂಬ ಸಾಹಸಮಾಲೆ ಬಂತು. ಜೊತೆಯಲ್ಲೇ ಕಾದಂಬರಿಗಳೂ ಬಂದವು. ಅದರ ಭವ್ಯ ಕಥೆಗೆ ಅನೇಕರು ಮಾರುಹೋದರು. ಆದರೆ ಮುಂದಿನ ಕಂತಿಗೆ ಬೇಕಾದ ಪಾತ್ರ ನಡುವೆಯೇ ಸತ್ತರೆ ಗತಿಯೇನು? ಅಂಥವರ ಶವ ಯಾರಿಗೂ ಸಿಗದಂತೆ ಮಾಡಿ, ಮುಂದೆ ಅವರು ಮರಳಿ ಬರಲು ದಾರಿಯಿಡಿ ಎಂದು ಸೂತ್ರಧಾರನಿಗೆ ಸಲಹೆ ನೀಡಲಾಗಿತ್ತು. ಇದು ಹಳಿಯ ಮೇಲೆ ರೈಲು ಓಡಿಸಿದಂತೆ ಎಂಬ ಟೀಕೆ ಬಂತು. ಎಲ್ಲಿ ಹತ್ತಿದರೂ ಇಳಿಯುವ ನಿಲ್ದಾಣ ಮೊದಲೇ ಗೊತ್ತು.

ಇದಕ್ಕಿಂತ ನವಿರಾದ ಉಪಾಯವೂ ಉಂಟು. ಎಡದಾರಿಯೋ, ಬಲದಾರಿಯೋ ಎಂದು ಸೂತ್ರಧಾರ ಕೇಳುತ್ತಾನೆ. ಆಟಗಾರರು ಚರ್ಚಿಸಿ ಎಡಕ್ಕೆ ತಿರುಗುತ್ತಾರೆ. ಅಲ್ಲಿ ರಾಕ್ಷಸನಿದ್ದಾನೆ. ಬಲಕ್ಕೆ ಹೋಗಿದ್ದರೂ ಅದೇ ರಾಕ್ಷಸ ಎದುರಾಗುತ್ತಿದ್ದ! ಸೂತ್ರಧಾರನಿಗೂ ಒಂದು ಸಮರ್ಥನೆಯಿದೆ. ವಾರವಿಡೀ ಕುಳಿತು ಸಿದ್ಧಪಡಿಸಿದ್ದು ವ್ಯರ್ಥವಾಗಬಾರದು. ಆಟಗಾರರಿಗಂತೂ ತಿಳಿಯುವುದಿಲ್ಲ, ಅವರಿಗೆ ಸಂತೋಷವೇ ಆಯಿತಲ್ಲ?

ಆದರೆ ಒಂದು ದಿನ ಅದು ತಿಳಿಯಿತೆನ್ನಿ. ಆಗ ಅಂದಿನ ಆಯ್ಕೆ ಮಾತ್ರವಲ್ಲ, ಹಿಂದೆ ತಾವು ಕಷ್ಟಪಟ್ಟು ಗಳಿಸಿದ ಗೆಲುವುಗಳೂ ಅನುಮಾನಕ್ಕೀಡಾಗುತ್ತವೆ. ಆ ಸಲ ನಾವು ನಿಜವಾಗಿ ಗೆದ್ದೆವೋ, ಗೆಲ್ಲಿಸಿದರೋ? ಗೆಳೆಯರ ನಡುವಿನ ನಂಬಿಕೆಗೆ ಬಿದ್ದ ಈ ಪೆಟ್ಟು ಒಂದು ಸಂಜೆಯ ಸಿದ್ಧತೆ ಹಾಳಾಗುವುದಕ್ಕಿಂತ ದೊಡ್ಡ ನಷ್ಟ.

ಬರಿಯ ಬಿಡುಗಡೆ ಸಾಲದು

ಹಾಗಾದರೆ ಸೂತ್ರಧಾರ ಕೈಕಟ್ಟಿ ಕೂರಬೇಕೆ? ಅದೂ ಸರಿಯಲ್ಲ. ಖಾಲಿ ನಕ್ಷೆ ಮುಂದಿಟ್ಟು ಎಲ್ಲಿಗಾದರೂ ಹೋಗಿ ಎಂದರೆ ಆಟಗಾರರು ಮುಖಮುಖ ನೋಡುತ್ತಾರೆ. ಎರಡು ದಾರಿಗಳ ಬಗ್ಗೆ ಏನೂ ತಿಳಿಯದೆ ಆರಿಸುವುದು ನಾಣ್ಯ ಚಿಮ್ಮಿದಂತೆ. ಎಡದಾರಿ ಹತ್ತಿರ, ಆದರೆ ಕಳ್ಳರ ಭಯ. ಬಲದಾರಿ ಸುರಕ್ಷಿತ, ಆದರೆ ಎರಡು ದಿನ ತಡ. ಇಷ್ಟು ತಿಳಿದಾಗ ಮಾತ್ರ ಅದು ಆಯ್ಕೆ. ತಡವಾದರೆ ಅದರ ಪರಿಣಾಮವೂ ನಿಜವಾಗಿ ಆಗಬೇಕು. ಇನ್ನು, ತನ್ನ ಪಾತ್ರದ ಸ್ವಭಾವವೇ ಹೀಗೆ ಎಂದು ಜೊತೆಗಾರರನ್ನೇ ದೋಚುತ್ತ ಎಲ್ಲರ ಆಟ ಕೆಡಿಸುವವನನ್ನು ತಡೆಯಲು ಯಾರಾದರೂ ಬೇಕೇಬೇಕು.

ಇತ್ತೀಚಿನ ಆಟಗಳು ಬೇರೆ ದಾರಿಗಳನ್ನೂ ಹುಡುಕಿವೆ. 2009ರ ‘ಫಿಯಾಸ್ಕೊ’ ಆಟದಲ್ಲಿ ಸೂತ್ರಧಾರನೇ ಇಲ್ಲ. ದೃಶ್ಯಗಳನ್ನು ಎಲ್ಲರೂ ಸರದಿಯಂತೆ ಕಟ್ಟುತ್ತಾರೆ. 2010ರ ‘ಅಪೋಕ್ಯಾಲಿಪ್ಸ್ ವರ್ಲ್ಡ್’ನಲ್ಲಿ ಅವನಿದ್ದಾನೆ, ಆದರೆ ಅವನು ದಾಳ ಉರುಳಿಸುವುದಿಲ್ಲ. ಕಥೆಯನ್ನು ಮೊದಲೇ ಹೆಣೆಯಬಾರದೆಂಬ ನಿಯಮ ಅವನನ್ನೂ ಕಟ್ಟುತ್ತದೆ.

ಒಟ್ಟಿನಲ್ಲಿ, ಜಗತ್ತನ್ನು ಕಟ್ಟುವ ಅಧಿಕಾರ ಸೂತ್ರಧಾರನದು. ತನ್ನ ಪಾತ್ರ ಏನು ಮಾಡಬೇಕೆಂಬ ತೀರ್ಮಾನ ಆಟಗಾರನದು. ಇವೆರಡು ಸೇರಿದಾಗ ಏನಾಗುವುದೆಂಬುದು ಇಬ್ಬರಿಗೂ ಮೊದಲೇ ತಿಳಿದಿರಬಾರದು. ಹಳಿಯ ಮೇಲಿನ ಭವ್ಯ ಕಥೆಯೇ ಬೇಕೆನ್ನುವ ಗೆಳೆಯರ ಗುಂಪು ಹಾಗೆಯೇ ಆಡಲಿ. ಆದರೆ ಅದು ಆಟಕ್ಕೆ ಕೂರುವ ಮುನ್ನ ಎಲ್ಲರೂ ಮಾತಾಡಿ ಒಪ್ಪಿದ್ದಾಗಿರಬೇಕು.

ಚರ್ಚೆಗೆ: ಆಟಗಾರರ ಸಂತೋಷಕ್ಕಾಗಿ ಸೂತ್ರಧಾರ ದಾಳದ ಫಲವನ್ನು ಗುಟ್ಟಾಗಿ ಬದಲಿಸುವುದು ಸರಿಯೇ? ನಿಮ್ಮ ಅಭಿಪ್ರಾಯಕ್ಕೆ ಕಾರಣ ಕೊಡಿ.