ನಾಮಿನಿ ಎಂದರೆ ವಾರಸುದಾರನಲ್ಲ

ಬ್ಯಾಂಕಿನ ಅರ್ಜಿಯಲ್ಲಿ 'ನಾಮಿನಿ' ಎಂಬ ಒಂದು ಸಾಲು ಇರುತ್ತದೆ. ಮದುವೆಗೆ ಮುಂಚೆಯಾದರೆ ತಾಯಿಯ ಹೆಸರು, ಮಗ ಹುಟ್ಟಿದ ಮೇಲಾದರೆ ಮಗನ ಹೆಸರು ಬರೆದು ಅದನ್ನು ಮರೆತುಬಿಡುವವರೇ ಹೆಚ್ಚು. ಮುಂದೆ ಗಂಡ ತೀರಿಕೊಂಡು ಹೆಂಡತಿ ಹಾಸಿಗೆ ಹಿಡಿದಾಗ, ಔಷಧಿಗೆ, ಆಯಾಗೆ, ನರ್ಸಿಂಗ್ ಹೋಮಿಗೆ ಹಣ ಯಾರ ಕೈಸೇರಿದೆ ಎಂಬ ಪ್ರಶ್ನೆ ಏಳುತ್ತದೆ. ಉತ್ತರ ಆ ಒಂದು ಸಾಲಿನಲ್ಲಿರುತ್ತದೆ.

ವಿಜಯನಗರ, ಅತ್ತಿಗುಪ್ಪೆ, ಹಂಪಿನಗರಗಳಲ್ಲಿ ಮಕ್ಕಳು ಅಮೆರಿಕದಲ್ಲಿರುವ ಮನೆಗಳಿವೆ. ಅಲ್ಲಿ 'ಮೆಡಿಕೇಡ್' ಎಂಬ ಸರ್ಕಾರಿ ಯೋಜನೆಯುಂಟು. ಆದಾಯ, ಆಸ್ತಿ ಕಡಿಮೆಯಿರುವ ವೃದ್ಧರ ನರ್ಸಿಂಗ್ ಹೋಮ್ ವೆಚ್ಚವನ್ನು ಅದು ಭರಿಸುತ್ತದೆ. ಆದ್ದರಿಂದ ಅಲ್ಲಿ ನರ್ಸಿಂಗ್ ಹೋಮಿನಲ್ಲಿರುವ ಹೆಂಡತಿಗೆ ಗಂಡನ ಹಣ ಬಂದರೆ ಆಕೆ ಅರ್ಹತೆಯನ್ನೇ ಕಳೆದುಕೊಳ್ಳಬಹುದು. ನಮ್ಮಲ್ಲಿ ಲೆಕ್ಕ ತಿರುಗುಮುರುಗು. ಆಸ್ಪತ್ರೆಯ ಚಿಕಿತ್ಸೆಗೆ ಯೋಜನೆಗಳಿದ್ದರೂ ವರ್ಷಗಟ್ಟಲೆ ನಡೆಯುವ ಆರೈಕೆಯ ಖರ್ಚು ಮನೆಯವರದೇ. ಇಲ್ಲಿ ಗಂಡನ ಹಣ ಹೆಂಡತಿಗೆ ತಲುಪದೆ ಹೋಗುವುದೇ ಅಪಾಯ.

ಕಾನೂನು ಏನನ್ನುತ್ತದೆ?

ನಾಮಿನಿ ಹಣವನ್ನು ಪಡೆಯಬಹುದು, ಆದರೆ ಅದರ ಒಡೆಯನಾಗುವುದಿಲ್ಲ. ವಾರಸುದಾರರ ಪರವಾಗಿ ಪಡೆದು ಅವರವರ ಪಾಲನ್ನು ಕೊಡಬೇಕು. ಜೀವವಿಮೆಯ ವಿಷಯದಲ್ಲಿ ಸುಪ್ರೀಂ ಕೋರ್ಟು 1983ರಲ್ಲೂ, ಕಂಪನಿ ಷೇರುಗಳ ವಿಷಯದಲ್ಲಿ 2023ರಲ್ಲೂ ಹೀಗೆಯೇ ಹೇಳಿತು.

2015ರಲ್ಲಿ ವಿಮಾ ಕಾನೂನು ತಿದ್ದುಪಡಿಯಾಗಿ, ತಂದೆತಾಯಿ, ಪತಿಪತ್ನಿ, ಮಕ್ಕಳು ನಾಮಿನಿಯಾಗಿದ್ದರೆ ಹಣ ಅವರಿಗೇ ಸಲ್ಲುತ್ತದೆ ಎಂಬ ಮಾತು ಸೇರಿತು. ಆದರೂ ಗೊಂದಲ ತೀರಲಿಲ್ಲ. ನಮ್ಮ ರಾಜ್ಯದ ಒಬ್ಬ ಯುವಕ ಮದುವೆಗೆ ಮುಂಚೆ ಎರಡು ಪಾಲಿಸಿಗಳಿಗೆ ತಾಯಿಯನ್ನು ನಾಮಿನಿ ಮಾಡಿದ್ದ. ಮದುವೆಯಾಯಿತು, ಮಗುವಾಯಿತು, ಹೆಸರು ಬದಲಾಗಲಿಲ್ಲ. 2019ರಲ್ಲಿ ಆತ ತೀರಿಕೊಂಡ. ಅತ್ತೆ, ಸೊಸೆ ಕೋರ್ಟಿನಲ್ಲಿ ಎದುರುಬದುರಾದರು. ತಾಯಿ, ಹೆಂಡತಿ, ಮಗು ಮೂವರಿಗೂ ಮೂರರಲ್ಲೊಂದು ಪಾಲು ಎಂದು ಕರ್ನಾಟಕ ಹೈಕೋರ್ಟಿನ ಧಾರವಾಡ ಪೀಠ ಹೇಳುವಾಗ 2025 ಬಂದಿತ್ತು. ಪಾಲೇನೋ ಸಿಕ್ಕಿತು. ಆದರೆ ರೋಗಿಯ ಆರೈಕೆ ಐದು ವರ್ಷ ಕಾಯುವುದುಂಟೇ?

ಒಂದು ಭಿನ್ನರಾಶಿ

ವಿದ್ಯಾರ್ಥಿಗಳಿಗೊಂದು ಲೆಕ್ಕ. ತಂದೆ ಉಯಿಲು ಬರೆಯದೆ ತೀರಿಕೊಂಡರು. ಸ್ವಂತ ದುಡಿಮೆಯ 12 ಲಕ್ಷ ರೂಪಾಯಿ ಠೇವಣಿಯಿದೆ. ಅವರ ತಾಯಿ, ಹೆಂಡತಿ, ಮಗ, ಮಗಳು ಇದ್ದಾರೆ. 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯಂತೆ ನಾಲ್ವರಿಗೂ ಸಮಪಾಲು. ಹೆಂಡತಿಗೆ ಬರುವುದು 3 ಲಕ್ಷ ಮಾತ್ರ. ಅವರ ಹೆಸರಿನಲ್ಲಿದ್ದ ಮನೆಯಲ್ಲೂ ಆಕೆಗೆ ಕಾಲುಭಾಗ. ಬೇರೆ ಧರ್ಮದವರಿಗೆ ಅವರವರ ಕಾನೂನಿನ ಲೆಕ್ಕ ಬೇರೆ.

ಹೆಂಡತಿಗೆ ಹೆಚ್ಚು ಸಿಗಬೇಕಾದರೆ ಉಯಿಲು ಬೇಕು. ಅದಕ್ಕೆ ಛಾಪಾ ಕಾಗದ ಬೇಕಿಲ್ಲ. ಬರೆದವರ ಸಹಿ, ಇಬ್ಬರು ಸಾಕ್ಷಿಗಳ ಸಹಿ ಇರಬೇಕು. ನೋಂದಣಿ ಕಡ್ಡಾಯವಲ್ಲ, ಮಾಡಿಸಿದರೆ ಒಳ್ಳೆಯದು. 'ಬದುಕಿರುವವರೆಗೆ ಮನೆಯಲ್ಲಿರಲಿ' ಎಂದಷ್ಟೇ ಬರೆದರೆ ಆಕೆಗೆ ಸೂರು ಸಿಕ್ಕೀತು, ಆದರೆ ಚಿಕಿತ್ಸೆಗಾಗಿ ಮನೆ ಮಾರುವ ಹಕ್ಕು ಸಿಗಲಾರದು. ಆದ್ದರಿಂದ ಕೈಗೆ ಹಣ ಬರುವ ಏರ್ಪಾಡೂ ಇರಲಿ.

ಜೀವವಿರುವಾಗಲೇ ಮಕ್ಕಳಿಗೆ ಮನೆ ದಾನಪತ್ರ ಮಾಡುವವರೂ ಇದ್ದಾರೆ. ತಂದೆತಾಯಿಯನ್ನು ನೋಡಿಕೊಳ್ಳಬೇಕೆಂಬ ಷರತ್ತು ಪತ್ರದಲ್ಲೇ ಇದ್ದು, ಮಕ್ಕಳು ತಪ್ಪಿದರೆ, 2007ರ ಹಿರಿಯ ನಾಗರಿಕರ ಕಾಯಿದೆಯಡಿ ಅದನ್ನು ರದ್ದುಪಡಿಸಲು ಹಾದಿಯುಂಟು. ಬರೀ ಬಾಯಿಮಾತನ್ನು ರುಜುವಾತು ಮಾಡುವುದು ಕಷ್ಟ.

ಈ ಭಾನುವಾರದ ಮನೆಗೆಲಸ

ಪಾಸ್‌ಬುಕ್, ಠೇವಣಿ ರಸೀದಿ, ವಿಮಾ ಪಾಲಿಸಿ, ಭವಿಷ್ಯನಿಧಿ ಕಾಗದಗಳನ್ನು ಒಟ್ಟಿಗೆ ಇಟ್ಟುಕೊಂಡು ಕುಳಿತುಕೊಳ್ಳಿ. ಯಾವುದರಲ್ಲಿ ಯಾರ ಹೆಸರಿದೆ ಎಂದು ಒಂದು ಹಾಳೆಯಲ್ಲಿ ಪಟ್ಟಿ ಮಾಡಿ. ಗಂಡಹೆಂಡಿರ ಖಾತೆ 'ಐದರ್ ಆರ್ ಸರ್ವೈವರ್' ಆಗಿದ್ದರೆ ಉಳಿದವರು ಹಣ ತೆಗೆಯುವುದು ಸುಲಭ. 2025ರ ನವೆಂಬರಿನಿಂದ ಬ್ಯಾಂಕ್ ಠೇವಣಿಗೆ ನಾಲ್ವರವರೆಗೆ ನಾಮಿನಿ ಹೆಸರಿಸಬಹುದು. ನಾಮಿನಿಯ ಹೆಸರೂ ಉಯಿಲಿನ ಹೆಸರೂ ತಾಳೆಯಾಗಲಿ.

ಮಕ್ಕಳೇ, ಈ ಪಟ್ಟಿಯನ್ನು ನೀವೇ ಬರೆಯಿರಿ. ಸಾವಿನ ಮಾತೇಕೆ ಎಂದು ಹಿರಿಯರು ಮುಖ ತಿರುಗಿಸಿದರೆ, ಇದು ಬದುಕಿ ಉಳಿಯುವ ಅಮ್ಮನ ಅಥವಾ ಅಪ್ಪನ ಮಾತು ಎಂದು ತಿಳಿಸಿಹೇಳಿ.