ಕೌದಿಯೊಳಗಿನ ಕೌದಿ

ಕಳೆದ ಬ್ಯಾಸಗಿಯಲ್ಲಿ ಶಹಾಪುರದ ನಮ್ಮ ಮನೆಯ ಮಾಳಿಗೆಯ ಮೇಲೆ ಕುಳಿತು ನಾನು ಆಯಿಯ ಕೌದಿಯನ್ನು ಬಿಚ್ಚಿದೆ. ಅಂಚು ಸವೆದಿತ್ತು, ನಡುವೆ ಅಂಗೈ ಅಗಲ ಹರಿದಿತ್ತು. ಮೇಲೊಂದು ತ್ಯಾಪಿ ಹಚ್ಚಿದರೆ ಇನ್ನೂ ನಾಲ್ಕು ವರ್ಷ ಬರುತ್ತಿತ್ತು. ಆದರೆ ಒಳಗೇನಿದೆ ಎಂದು ನೋಡುವ ಆಸೆ ತಡೆಯಲಿಲ್ಲ. ಕತ್ತರಿಯ ತುದಿಯಿಂದ ಒಂದೊಂದೇ ಹೊಲಿಗೆ ಕೊಯ್ಯುತ್ತಿದ್ದರೆ ಅವ್ವ ಬಾಗಿಲಲ್ಲಿ ನಿಂತು, ‘ಮುದುಕಿ ಮೂರು ತಿಂಗಳು ಕುಂತು ಹೊಲಿದಾಳ, ನೀ ಒಂದು ದಿನದಾಗ ಬಿಚ್ಚಾಕ ಹೊಂಟಿಯಲ್ಲಬೇ’ ಅಂದಳು. ಅಂದವಳು ಒಳಗೆ ಹೋಗಲಿಲ್ಲ. ಬಂದು ಎದುರಿಗೇ ಕುಳಿತಳು.

ಮೇಲಿನ ಮೈಗೆ ಚೌಕ ಚೌಕ ತುಂಡುಗಳು. ಅದರಲ್ಲಿ ಅರ್ಧ ಟೆರಿಕಾಟ್: ಕಾಕನ ಶಾಲೆಯ ಅಂಗಿ, ಯಾರದೋ ಪ್ಯಾಂಟಿನ ಮೊಣಕಾಲಿನಿಂದ ಕೆಳಗಿನ ಭಾಗ. ಅದನ್ನು ತೆಗೆದರೆ ಇಳಕಲ್ ಸೀರೆಯ ಒಡಲು, ಬಣ್ಣ ಹೋಗಿ ಬೂದಿಯ ಹಾಗಾದದ್ದು. ಅದರ ಕೆಂಪು ಸೆರಗು ಮಾತ್ರ ಎಲ್ಲಿಯೂ ಇರಲಿಲ್ಲ. ಕೆಳಗೆ ಮುತ್ಯಾನ ಧೋತ್ರ, ಎರಡು ಮಡಿಕೆ. ಅದರ ಕೆಳಗೆ ನಾನು ನಿರೀಕ್ಷಿಸದೇ ಇದ್ದದ್ದು ಬಂತು: ಇನ್ನೊಂದು ಕೌದಿ. ಪೂರ್ತಿ ಕೌದಿಯೇ, ಅದರದೇ ಹೊಲಿಗೆ ಸಾಲುಗಳೊಡನೆ, ಅದರದೇ ತ್ಯಾಪಿಗಳೊಡನೆ. ಕಾಗದದಷ್ಟು ತೆಳ್ಳಗಾಗಿತ್ತು. ಅವ್ವ ಮುಟ್ಟಿ ನೋಡಿ, ‘ಇದು ಆಯಿದಲ್ಲ. ಆಯಿಯ ಅತ್ತಿದು ಇರಬೇಕು’ ಎಂದಳು.

ಅದನ್ನು ಬಿಚ್ಚಲು ನನಗೆ ಧೈರ್ಯವಾಗಲಿಲ್ಲ. ಅದರೊಳಗೂ ಒಂದು ಇದ್ದಿರಬಹುದು. ಕೌದಿ ಹೇಗೆ ಹುಟ್ಟಿತು ಎಂದು ಕೇಳುವವರಿಗೆ ಇಲ್ಲೇ ಒಂದು ತೊಡಕು ಎದುರಾಗುತ್ತದೆ. ಹಳೆಯ ಕೌದಿಯನ್ನು ನಮ್ಮ ಕಡೆ ಎಸೆಯುವುದಿಲ್ಲ, ಹೊಸದರ ಹೊಟ್ಟೆಗೆ ಹಾಕುತ್ತಾರೆ. ಮೊದಲ ಕೌದಿ ಯಾವುದೆಂದು ಹುಡುಕುತ್ತ ಹೋದರೆ ಕೈಗೆ ಸಿಗುವುದು ಮತ್ತೊಂದು ಕೌದಿಯೇ.

ನನ್ನನ್ನು ಬಹಳ ದಿನ ಕಾಡಿದ ಪ್ರಶ್ನೆ ಬೇರೆ. ನಮ್ಮದು ಹತ್ತಿಯ ಸೀಮೆ. ಕರಿ ಎರೆಮಣ್ಣು; ನಾರಾಯಣಪುರ ಅಣೆಕಟ್ಟಿನ ಕಾಲುವೆ ಬಂದ ಮೇಲೆ ನೀರು ಹತ್ತಿದ ಹೊಲಗಳು ಭತ್ತಕ್ಕೆ ತಿರುಗಿದರೂ ಹತ್ತಿ ಬಿಟ್ಟು ಹೋಗಿಲ್ಲ. ಸುಗ್ಗಿಯಲ್ಲಿ ಶಹಾಪುರದ ಜಿನ್ನಿಂಗ್ ಮಿಲ್ಲುಗಳ ಮುಂದೆ ಹತ್ತಿ ಹೇರಿದ ಗಾಡಿಗಳು ಸಾಲುಗಟ್ಟುತ್ತವೆ, ರಸ್ತೆಯ ಜಾಲಿಕಂಟಿಗೆಲ್ಲ ಬಿಳಿ ಎಳೆ ಸಿಕ್ಕಿಕೊಂಡಿರುತ್ತದೆ. ಇಷ್ಟು ಹತ್ತಿ ಬೆಳೆಯುವವರ ಹೊದಿಕೆಯೊಳಗೆ ಒಂದು ಹಿಡಿ ಹತ್ತಿ ಇಲ್ಲ! ಗಾದಿಗೆ ಹತ್ತಿ ತುಂಬುತ್ತಾರೆ, ಅದಕ್ಕೆ ಪಿಂಜಾರರು ಬಿಲ್ಲು ಹಿಡಿದು ಬಂದು ಹತ್ತಿ ಹಿಂಜಿ ಕೊಡಬೇಕು. ಕೌದಿಗೆ ಮಾತ್ರ ಅರಿವೆಯ ಮೇಲೆ ಅರಿವೆ.

ಇದಕ್ಕೆ ಒಂದು ಕಾರಣ ರೊಕ್ಕ. ಹತ್ತಿ ಹೊಲದಿಂದ ನೇರ ಪ್ಯಾಟಿಗೆ ಹೋಗುವ ಮಾಲು, ಸಾಲ ತೀರಿಸುವ ಮಾಲು. ಅದರ ಲೆಕ್ಕ ಗಂಡಸಿನ ಕೈಯಲ್ಲಿ. ಹೆಂಗಸಿನ ಕೈಯಲ್ಲಿ ಉಳಿಯುತ್ತಿದ್ದದ್ದು ಉಟ್ಟು ಹರಿದದ್ದು. ಇನ್ನೊಂದು ಕಾರಣ ನೀರು. ಹತ್ತಿ ತುಂಬಿದ ರಜಾಯಿಯನ್ನು ಹಳ್ಳದಲ್ಲಿ ಕುಕ್ಕಿ ಒಗೆದರೆ ಒಳಗಿನದು ಉಂಡೆಗಟ್ಟುತ್ತದೆ. ಕೌದಿಯನ್ನು ತುಳಿದು, ಬಡಿದು, ಇಬ್ಬರು ಹಿಡಿದು ಹಿಂಡಿ ಬಂಡೆಯ ಮೇಲೆ ಹರವಬಹುದು. ಕೂಸಿನ ಉಚ್ಚೆ, ಬಾಣಂತಿಯ ಎಣ್ಣೆ, ಹೊಲದ ಕೆಸರು ಎಲ್ಲವನ್ನೂ ತಾಳಿಕೊಂಡು ಮತ್ತೆ ಮತ್ತೆ ಮೈ ತೊಳೆಯಬೇಕಾದ ಹೊದಿಕೆಗೆ ಪದರವೇ ಸರಿ. ಪದರಗಳ ನಡುವೆ ನಿಂತ ಗಾಳಿಯೇ ಬೆಚ್ಚಗಿಡುತ್ತದೆ. ಹರಿಯಲು ಬಂದ ಹಳೆಯ ಬಟ್ಟೆಯನ್ನು ಹಿಡಿದು ನಿಲ್ಲಿಸುವುದು ಹೊಲಿಗೆ. ಬೆರಳಗಲಕ್ಕೊಂದು ಸಾಲು ಓಡಿದ್ದರೆ, ಎಲ್ಲೋ ಒಂದು ಕಡೆ ಹರಿದದ್ದು ಮುಂದಿನ ಸಾಲಿಗೆ ಬಂದು ತಡೆಯುತ್ತದೆ. ಇದನ್ನು ಯಾರೂ ಬರೆದು ಕಲಿಸಿಲ್ಲ. ಸೂಜಿ ಹಿಡಿದವರೆಲ್ಲರಿಗೂ ಗೊತ್ತು.

ಅಳತೆಯೂ ಸೀರೆಯಿಂದಲೇ ಬಂದದ್ದು. ಆಯಿ ಉಡುತ್ತಿದ್ದದ್ದು ಒಂಬತ್ತು ಗಜದ ಸೀರೆ. ಒಂಬತ್ತು ಗಜವೆಂದರೆ ಎಂಟು ಮೀಟರಿಗಿಂತ ತುಸು ಜಾಸ್ತಿ. ನಾಲ್ಕು ಮಡಿಕೆ ಮಾಡಿದರೆ ಎರಡು ಎರಡು ಮೀಟರಿನ ನಾಲ್ಕು ಪದರ, ಒಬ್ಬರು ಕಾಲು ಚಾಚಿ ಮಲಗುವಷ್ಟು ಉದ್ದ. ಒಂದು ಸೀರೆಗೆ ಒಂದು ಕೌದಿಯ ಒಳಮೈ. ಮೇಲೊಂದು ಕೆಳಗೊಂದು ಹೊದಿಕೆ ಸಿಕ್ಕರೆ ಆಯಿತು. ಅಂಗಡಿಯ ಗಜಕಡ್ಡಿ ಬೇಕಾಗಲಿಲ್ಲ.

ಹೆಸರನ್ನು ಹಿಡಿದು ಹೋದರೂ ದಾರಿ ದೂರ ಹೋಗುತ್ತದೆ. ನಾವು ಕೌದಿ ಎನ್ನುತ್ತೇವೆ. ಪೂರ್ವಕ್ಕೆ ತೆಲುಗು ನಾಡಿಗೆ ದಾಟಿದರೆ ಬೊಂತ, ವಾಯವ್ಯಕ್ಕೆ ಮರಾಠಿಯಲ್ಲಿ ಗೋಧಡಿ. 1948ರವರೆಗೆ ಈ ಮೂರೂ ಭಾಷೆಯ ಜನ ನಿಜಾಮರ ಒಂದೇ ಸಂಸ್ಥಾನದಲ್ಲಿದ್ದರು. 1956ರಲ್ಲಿ ಭಾಷೆಯ ಲೆಕ್ಕದಲ್ಲಿ ಸಂಸ್ಥಾನ ಹಂಚಿಹೋಗಿ ನಾವು ಮೈಸೂರಿಗೆ ಸೇರಿದೆವು. ಗಡಿ ಬಿದ್ದದ್ದು ನಕಾಶೆಯಲ್ಲಿ. ಹೊದಿಕೆ ಹೊಲಿಯುವ ಕೈ ಮೂರೂ ಕಡೆ ಒಂದೇ ತೆರನಾಗಿ ಉಳಿಯಿತು. ಕನ್ನಡಕ್ಕೂ ಬೊಂತೆ ಎಂಬ ಮಾತು ಹಳೆಯದೇ. ಶರಣೆ ಬೊಂತಾದೇವಿಯ ಹೆಸರಿನಲ್ಲಿ ಅದು ಕುಳಿತಿದೆ. ಕಾಶ್ಮೀರದ ಅರಸು ಮನೆತನದ ನಿಜದೇವಿ ಎಲ್ಲವನ್ನೂ ಬಿಟ್ಟು ದಿಗಂಬರೆಯಾಗಿ ಹೊರಟಾಗ ಶಿವ ಅವಳಿಗೊಂದು ಬೊಂತೆ ಕೊಟ್ಟನಂತೆ, ಅಲ್ಲಿಂದ ಅವಳು ಬೊಂತಾದೇವಿ. ಅವಳು ಹುಡುಕಿಕೊಂಡು ಬಂದದ್ದು ಕಲ್ಯಾಣವನ್ನು. ಅರಮನೆಯ ರೇಷ್ಮೆ ಬಿಟ್ಟವಳಿಗೆ ದೇವರೇ ತಂದುಕೊಟ್ಟ ಬಟ್ಟೆ ತೇಪೆಯದು ಎಂದು ಕತೆ ಕಟ್ಟಿದವರು, ತೇಪೆ ಹೊದ್ದು ಮಲಗುವ ಸುಖ ಬಲ್ಲವರೇ ಆಗಿರಬೇಕು.

ಇನ್ನೊಂದು ಕತೆ ನಮ್ಮ ಮನೆ ಬಾಗಿಲಿನದೇ. ನೇಯ್ಗೆಯ ಕಾಯಕದ ದೇವರ ದಾಸಿಮಯ್ಯ ಹುಟ್ಟಿದ್ದು ಸುರಪುರ ಸೀಮೆಯ ಮುದನೂರಿನಲ್ಲಿ. ಅಲ್ಲಿಯ ರಾಮನಾಥನೇ ಅವನ ವಚನಗಳ ಅಂಕಿತ. ಅವನು ನೇಯ್ದ ಬಟ್ಟೆಯನ್ನು ಶಿವ ಜಂಗಮನ ವೇಷದಲ್ಲಿ ಬಂದು ಬೇಡಿ ಪಡೆದು, ಕಣ್ಣೆದುರೇ ಹರಿದು ಚೂರು ಚೂರು ಮಾಡಿದನೆಂದೂ, ದಾಸಿಮಯ್ಯ ಮುಖ ಸಣ್ಣದು ಮಾಡಿಕೊಳ್ಳದ್ದಕ್ಕೆ ಮೆಚ್ಚಿ ಎಂದೂ ಬರಿದಾಗದ ತವನಿಧಿ ಕೊಟ್ಟನೆಂದೂ ಹೇಳುತ್ತಾರೆ. ಚಿಕ್ಕಂದಿನಲ್ಲಿ ಈ ಕತೆ ಕೇಳಿದಾಗ ನನಗೆ ತವನಿಧಿಗಿಂತ ಆ ಚೂರುಗಳ ಚಿಂತೆಯೇ ಹತ್ತಿತ್ತು. ಅವೆಲ್ಲ ಎಲ್ಲಿ ಹೋದವು? ಆಯಿಯನ್ನು ಕೇಳಿದ್ದೆ. ‘ದುಗ್ಗಳೆವ್ವ ಆರಿಸಿ ಗಂಟು ಕಟ್ಟಿರತಾಳ ತಗೋ’ ಅಂದಿದ್ದಳು. ಪುರಾಣದಲ್ಲಿ ಇಲ್ಲದ ಮಾತು. ಆದರೆ ದಾಸಿಮಯ್ಯನ ಹೆಂಡತಿ ಬೇರೇನು ಮಾಡಿಯಾಳು ಎಂದು ನನಗೆ ಈಗಲೂ ಅನ್ನಿಸುತ್ತದೆ.

ಆಯಿಯದೂ ಒಂದು ಗಂಟು ಇತ್ತು. ಹಗೇವಿನ ಪಕ್ಕದ ಮೂಲೆಯಲ್ಲಿ ವರ್ಷವಿಡೀ ಬೆಳೆಯುತ್ತಿತ್ತು. ಸುಗ್ಗಿ ಮುಗಿದು, ಹೊಲದಲ್ಲಿ ಕೆಲಸವಿಲ್ಲದ ಬಿಸಿಲ ದಿನಗಳು ಬಂದಾಗ ಬಿಚ್ಚಿಕೊಳ್ಳುತ್ತಿತ್ತು. ಒಗೆದು ಒಣಗಿಸಿದ ಹಳೆಯ ಸೀರೆಯನ್ನು ನೆಲಕ್ಕೆ ಹಾಸಿ, ಸುಕ್ಕು ತೆಗೆದು, ನಾಲ್ಕು ಮೂಲೆಗೆ ಗುಂಡುಕಲ್ಲು ಇಟ್ಟು, ಚೂರುಗಳನ್ನು ಹೊಂದಿಸುವ ಹೊತ್ತಿಗೆ ಓಣಿಯ ಹೆಂಗಸರೆಲ್ಲ ಸೇರುತ್ತಿದ್ದರು. ಹೊಲಿಗೆ ಅಂಚಿನಿಂದ ಶುರು. ಸುತ್ತು ಸುತ್ತಿ ಒಳಗೆ ಒಳಗೆ ಬಂದು ನಡುವಿಗೆ ಮುಗಿಯುವುದು. ಒಂದೊಂದು ಬದಿಗೆ ಒಬ್ಬೊಬ್ಬರು ಕುಳಿತರೆ ನಾಲ್ವರ ಕೈ ಬೇರೆ ಬೇರೆ ಕಾಣುತ್ತಿತ್ತು. ಜೋಳದ ಕಾಳಿನಂತೆ ಸಣ್ಣ ಹೊಲಿಗೆ ಒಬ್ಬಳದು, ಅಕ್ಕಿಕಾಳಿನಷ್ಟು ಉದ್ದ ಇನ್ನೊಬ್ಬಳದು. ನಾನು ಬಿಚ್ಚಿದ ಕೌದಿಯಲ್ಲೂ ಒಂದು ಬದಿಯ ಸಾಲು ಸೊಟ್ಟಗಿತ್ತು. ಅವ್ವ ಅದನ್ನು ನೋಡಿ ನಕ್ಕಳು. ಅದು ಅವಳದು, ಹೊಸದಾಗಿ ಈ ಮನೆಗೆ ನಡೆಯಲು ಬಂದಾಗಿನದು.

ಮನೆಯಲ್ಲಿ ಕೈ ಸಾಲದವರಿಗೆ ಊರೂರು ತಿರುಗುವ ಹೆಂಗಸರು ಇದ್ದರು. ಗೊಂದಳಿಗರ ಮನೆತನದವರು, ಇನ್ನೂ ಕೆಲವು ಅಲೆಮಾರಿ ಕುಲದವರು. ಗಂಡಸರು ದೇವಿಯ ಕತೆ ಹಾಡುವುದಕ್ಕೆ ಹೋದರೆ ಹೆಂಗಸರು ಕಟ್ಟೆಯ ಮೇಲೆ ಕುಳಿತು ಕೌದಿ ಹೊಲಿದು ಕೊಡುತ್ತಿದ್ದರು, ಜೋಳಕ್ಕೋ ರೊಕ್ಕಕ್ಕೋ. ಈ ಹೊದಿಕೆ ಊರಿಂದೂರಿಗೆ ಒಂದೇ ತರದ ಚಂದ ಪಡೆದದ್ದರಲ್ಲಿ ಅವರ ಪಾಲು ದೊಡ್ಡದಿರಬೇಕು ಎಂದು ನನ್ನ ಎಣಿಕೆ. ಒಂದು ಊರಲ್ಲಿ ಕಂಡ ಹೂವನ್ನು ಇನ್ನೊಂದು ಊರಿಗೆ ಒಯ್ದವರು ಅವರೇ. ಕೌದಿಯ ಮಾತು ಬಂದಾಗ ಅವರನ್ನು ನೆನೆಯುವವರು ಕಡಿಮೆ, ಅದು ನನಗೆ ನೋವಿನ ಸಂಗತಿ.

ಮುಗಿಯುವ ದಿನ ಒಂದು ಶಾಸ್ತ್ರ. ಕೊನೆಯ ಹೊಲಿಗೆ ಹಾಕುವ ಮುಂಚೆ ಒಂದು ಚೂರು ರೊಟ್ಟಿಯನ್ನೋ ಹೋಳಿಗೆಯನ್ನೋ ಒಳಗಿಟ್ಟು ಹೊಲಿಯುವುದುಂಟು. ಕೌದಿಯ ಹೊಟ್ಟೆ ತುಂಬಿರಬೇಕು, ಹೊದ್ದವರ ಹೊಟ್ಟೆ ಖಾಲಿ ಇರಬಾರದು. ನಮ್ಮ ಕೌದಿಯ ನಡುವೆ ಹುಡುಕಿದೆ. ಏನೂ ಇರಲಿಲ್ಲ, ಒಂದು ಕಂದು ಕಲೆ ಮಾತ್ರ.

ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ, ಮುಂಡಗೋಡದ ಕಡೆ ಸಿದ್ದಿ ಹೆಂಗಸರು ಇಂಥದೇ ಹೊದಿಕೆಯನ್ನು ಹೊಲಿಯುತ್ತಾರೆ. ಅವರೂ ಅಂಚಿನಿಂದ ನಡುವಿಗೆ ಬರುತ್ತಾರೆ. ಮೂಲೆಗಳಿಗೆ ತ್ರಿಕೋನವಾಗಿ ಮಡಿಸಿದ ತುಂಡುಗಳನ್ನು ಇಟ್ಟು ಅವಕ್ಕೆ ಹೂವು ಎನ್ನುತ್ತಾರೆ. ಆ ಹೂವಿಲ್ಲದ ಕೌದಿ ಅವರ ಕಣ್ಣಿಗೆ ಬತ್ತಲೆ. ಅಮೆರಿಕದ ಕಲಾ ಇತಿಹಾಸಕಾರ ಹೆನ್ರಿ ಡ್ರೂವಲ್ ಅವರೊಡನೆ ಸೇರಿ ಈ ಹೆಂಗಸರು 2004ರಲ್ಲಿ ಸಹಕಾರಿ ಗುಂಪೊಂದನ್ನು ಕಟ್ಟಿಕೊಂಡರು. 2011ರಲ್ಲಿ ಅವರ ಕೌದಿಗಳು ನ್ಯೂಯಾರ್ಕಿನ ಷೋಂಬರ್ಗ್ ಕೇಂದ್ರದ ಗೋಡೆಗಳ ಮೇಲೆ ತೂಗಿದವು. ನಮ್ಮ ಎರೆಸೀಮೆಯ ಕೌದಿಗೆ ಅಂಥ ಗೋಡೆ ಸಿಕ್ಕಿಲ್ಲ.

ಈ ಎಲ್ಲದರ ನಡುವೆ ಡ್ರೆಸ್ಡೆನ್ ಪ್ಲೇಟ್ ನನ್ನ ಕೈಗೆ ಬಂದದ್ದು ಆಕಸ್ಮಿಕ. ಬಿಚ್ಚಿದ ಕೌದಿಯನ್ನು ಮತ್ತೆ ಹೊಲಿಯಲೆಂದು ಮೇಲ್ಮೈಗೆ ಹೊಸ ವಿನ್ಯಾಸ ಹುಡುಕುತ್ತಿದ್ದಾಗ ಸಿಕ್ಕ ಅಮೆರಿಕದ ಹೆಂಗಸರ ಮಾದರಿ ಅದು. ಎಸಳಿನಾಕಾರದ ತುಂಡುಗಳನ್ನು ಒಂದಕ್ಕೊಂದು ಜೋಡಿಸಿ, ನಡುವೆ ದುಂಡನೆಯ ಬಿಲ್ಲೆ ಇಟ್ಟು, ಇಡಿಯದನ್ನು ತಟ್ಟೆಯ ಹಾಗೆ ಚೌಕ ಬಟ್ಟೆಯ ಮೇಲೆ ಹೊಲಿಯುವುದು. ಜರ್ಮನಿಯ ಡ್ರೆಸ್ಡೆನ್ ಹತ್ತಿರದ ಮೈಸೆನ್‌ನಲ್ಲಿ 1710ರಿಂದ ತಯಾರಾಗುವ, ಹೂ ಬರೆದ ಪಿಂಗಾಣಿಯ ನೆನಪಿಗೆ ಆ ಹೆಸರು. ಆದರೆ ಅದು ಮನೆ ಮನೆಗೆ ಹಬ್ಬಿದ್ದು 1920-30ರ ದಶಕಗಳಲ್ಲಿ, ಅದರಲ್ಲೂ ಅಮೆರಿಕ ಬಡತನಕ್ಕೆ ಬಿದ್ದ ಕಾಲಕ್ಕೆ. ಹಿಟ್ಟು, ದಾಣಿ ಮಾರುವವರು ಹೂವಿನ ಅಚ್ಚಿನ ಹತ್ತಿ ಚೀಲದಲ್ಲಿ ತುಂಬಿ ಮಾರುತ್ತಿದ್ದರು. ಚೀಲ ಖಾಲಿಯಾದ ಮೇಲೆ ಮಗುವಿನ ಫ್ರಾಕು, ಫ್ರಾಕಿನಲ್ಲಿ ಉಳಿದ ಚೂರು ತಟ್ಟೆಯ ಎಸಳು. ಯೂರಿಯಾ ಚೀಲಗಳನ್ನು ಬಿಚ್ಚಿ ಜೋಡಿಸಿ ರಾಶಿಗೆ ಹಾಸು ಮಾಡುವ ನಮಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಅಲ್ಲಿ ಪಿಂಗಾಣಿ ತಟ್ಟೆ ಕೊಳ್ಳಲಾರದವರು ಬಟ್ಟೆಯಲ್ಲಿ ತಟ್ಟೆ ಕತ್ತರಿಸಿ ಹಾಸಿಗೆಗೆ ಹೊದಿಸಿದರು ಎಂಬುದು ನನಗೆ ಬಹಳ ಹಿಡಿಸಿತು.

ಎಸಳಿಗೆ ನಾನು ಆರಿಸಿದ್ದು ಗುಳೇದಗುಡ್ಡದ ಖಣ. ಓಣಿಯಲ್ಲಿ ಕುಪ್ಪಸ ಹೊಲಿಯುವವಳ ಮಷಿನ್ನಿನ ಕೆಳಗೆ ಕಂಕುಳ ಕತ್ತರಿಸಿ ಬಿದ್ದ ಚೂರುಗಳು ಚೀಲಗಟ್ಟಲೆ ಇದ್ದವು. ನೇರಳೆ, ಹಸಿರು, ಕುಂಕುಮ, ನೂಲಿನ ಜೊತೆ ರೇಷ್ಮೆಯ ಮಿಂಚು. ಮೊದಲು ಇಂಥ ಚೂರುಗಳಿಂದಲೇ ಕೂಸುಗಳಿಗೆ ಕುಂಚಿಗಿ ಹೊಲಿಯುತ್ತಿದ್ದರು. ಇಪ್ಪತ್ತು ಎಸಳು ಬೇಕಾದರೆ ಒಂದೊಂದು ಎಸಳಿನ ಅಗಲ ಹದಿನೆಂಟು ಡಿಗ್ರಿ, ಕೂಡಿಸಿದರೆ ಸರಿಯಾಗಿ 360. ರಟ್ಟಿನಲ್ಲಿ ಒಂದು ಅಳತೆ ಕತ್ತರಿಸಿಕೊಂಡು ಚೂರು ಚೂರಿಗೆ ಇಟ್ಟು ಗೆರೆ ಹಾಕುತ್ತಿದ್ದೆ. ಎರಡೂ ಬದಿಗೆ ಬಹಳ ಬಟ್ಟೆ ಹಾಳಾಗುತ್ತಿತ್ತು. ಅವ್ವ ಸ್ವಲ್ಪ ಹೊತ್ತು ನೋಡಿದಳು. ‘ಉದ್ದಕ್ಕ ಒಂದು ಪಟ್ಟಿ ತಗೊ. ಒಂದು ಎಸಳು ತಲಿ ಮ್ಯಾಲ, ಬಾಜೂದ್ದು ತಲಿ ಕೆಳಗ ಮಾಡಿ ಕೊಯ್ಯಿ. ಚೂರು ಬೀಳಂಗಿಲ್ಲ’ ಎಂದಳು. ಹೌದು. ಉಲ್ಟಾ ಸುಲ್ಟಾ ಇಟ್ಟರೆ ಒಂದರ ಓರೆ ಇನ್ನೊಂದರ ಓರೆಗೆ ಕೂಡಿಕೊಳ್ಳುತ್ತದೆ, ಪಟ್ಟಿಯ ಎರಡು ತುದಿಯಲ್ಲಿ ಅಷ್ಟು ಬಿಟ್ಟರೆ ಏನೂ ಉಳಿಯುವುದಿಲ್ಲ. ಡ್ರೆಸ್ಡೆನ್ ಎಂಬ ಹೆಸರನ್ನೇ ಕೇಳದವಳು ಅದರ ಗುಟ್ಟನ್ನು ನೋಡಿದ ಮಾತ್ರಕ್ಕೆ ಹೇಳಿದಳು.

ಎಸಳುಗಳ ತಲೆಯನ್ನು ಒಳಗೆ ಮಡಿಸಿ ಚೂಪು ಮಾಡಿದೆ. ನಡುವಿನ ಬಿಲ್ಲೆಗೆ ಅವ್ವ ತನ್ನ ಕೈಯ ಬಳೆ ಬಿಚ್ಚಿ ಇಟ್ಟು ಸುತ್ತ ಸೀಸಕಡ್ಡಿ ಓಡಿಸಿದಳು. ಬಿಲ್ಲೆಗೆ ಬಟ್ಟೆ ಏನು ಹಾಕುವುದು ಎಂದು ನಾನು ಯೋಚಿಸುತ್ತಿದ್ದಾಗ ಒಳಗೆ ಹೋಗಿ ಟ್ರಂಕಿನ ತಳದಿಂದ ಏನನ್ನೋ ತಂದಳು. ಇಳಕಲ್ಲಿನ ಕೆಂಪು ಸೆರಗು, ಟೋಪಿ ತೆನೆಯದು. ಆಯಿ ಒಡಲನ್ನು ಕೌದಿಗೆ ಹಾಕುವಾಗ ಸೆರಗು ಕೊಯ್ದು ಬೇರೆ ತೆಗೆದಿಟ್ಟಿದ್ದಳಂತೆ. ‘ರೇಷ್ಮಿ ಗಟ್ಟಿ ಅದ, ಮುಂದ ಯಾತಕ್ಕರ ಆದೀತು ಅಂದಿದ್ಳು.’

ಟೆರಿಕಾಟನ್ನು ನಾವು ತೆಗೆದು ಹಾಕಿದೆವು. ಅದು ಬೆವರು ಕುಡಿಯುವುದಿಲ್ಲ, ಸೂಜಿಗೆ ಜಾರುತ್ತದೆ, ಮೈಗೆ ಒಗ್ಗುವುದಿಲ್ಲ. ಅಂಗಿಗಳೆಲ್ಲ ಅದರಲ್ಲೇ ಬರತೊಡಗಿದ ಮೇಲೆ ಕೌದಿಯ ಮೆತ್ತನೆ ಹೋಯಿತು ಎಂದು ಹಿರಿಯ ಹೆಂಗಸರು ಹೇಳುವುದು ನಿಜ. ನೂಲಿನ ಹಳೆಯ ಬಟ್ಟೆ ಮನೆಯಲ್ಲಿ ಸಿಗುವುದೇ ಅಪರೂಪವಾಯಿತು, ಆ ಜಾಗಕ್ಕೆ ಸೊಲ್ಲಾಪುರದ ಚಾದರ ಬಂತು, ಆಮೇಲೆ ಹುಲಿಯ ಚಿತ್ರದ ರಗ್ಗು ಬಂತು. ಆದರೂ ಯಾದಗಿರಿ ನಿಲ್ದಾಣಕ್ಕೆ ಹೋಗಿ ನೋಡಿ. ಬೆಂಗಳೂರಿಗೋ ಪುಣೆಗೋ ಮುಂಬಯಿಗೋ ದುಡಿಯಲು ಹೊರಟವರ ಸಾಮಾನಿನಲ್ಲಿ ರೊಟ್ಟಿಯ ಗಂಟಿನ ಬಾಜೂಕ್ಕೆ ಹಗ್ಗ ಬಿಗಿದು ಸುತ್ತಿದ ಕೌದಿ ಇದ್ದೇ ಇರುತ್ತದೆ. ಕಟ್ಟುತ್ತಿರುವ ಕಟ್ಟಡದ ನೆಲಕ್ಕೆ ಅದೇ ಹಾಸಿಗೆ, ಬೆಳಗಿನ ಚಳಿಗೆ ಅದೇ ಹೊದಿಕೆ, ಎರಡು ಕಂಬಕ್ಕೆ ಕಟ್ಟಿದರೆ ಕೂಸಿಗೆ ಅದೇ ಜೋಳಿಗೆ.

ಜೋಡಿಸುವ ದಿನ ಆಯಿಯ ಅತ್ತೆಯ ಕೌದಿಯನ್ನು ಬಿಚ್ಚದೆ ಹಾಗೆಯೇ ನಡುವೆ ಹಾಸಿದೆವು. ಅದರ ಮೇಲೆ ಧೋತ್ರ, ಅದರ ಮೇಲೆ ಬೂದಿ ಬಣ್ಣದ ಸೀರೆ, ಎಲ್ಲಕ್ಕೂ ಮೇಲೆ ಖಣದ ಎಸಳುಗಳ ಆರು ತಟ್ಟೆ. ಅಂಚಿನಿಂದ ಹೊಲಿಯುತ್ತ ಬಂದೆವು, ನಾನು ಎರಡು ಬದಿ, ಅವ್ವ ಎರಡು ಬದಿ. ಅವಳ ಸಾಲು ಈಗ ನೆಟ್ಟಗಿದೆ, ಸೊಟ್ಟಗಿರುವುದು ನನ್ನದು. ನಡುವಿಗೆ ಅಂಗೈಯಗಲ ಉಳಿದಾಗ ಅವ್ವ ಸೂಜಿ ಚುಚ್ಚಿಟ್ಟು ಎದ್ದಳು. ಅಡುಗೆಮನೆಯಿಂದ ಮುಂಜಾನೆಯ ಜೋಳದ ರೊಟ್ಟಿಯ ಒಂದು ಚೂರು ಮುರಿದು ತಂದಳು.